ಕಾಗದದಲ್ಲಿ ಹದಿನೆಂಟು

ಹೋದ ಆಗಸ್ಟಿನಲ್ಲಿ ನಾನು ಇಂಗ್ಲೆಂಡಿನಿಂದ ಊರಿಗೆ ಬಂದಿದ್ದಾಗ ಹಿರಿಯ ಮಗಳು ಸುವರ್ಣಾ ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಶಹಾಪುರದಿಂದ ಭೀಮರಾಯನಗುಡಿಗೆ ಹೊರಟಿದ್ದಳು. ಕಾಲುವೆಯ ಸೇತುವೆ ಬರುವ ಮೊದಲೇ ವಾಸನೆ ಮೂಗಿಗೆ ಬಡಿಯಿತು. ಬೇಸಿಗೆಯೆಲ್ಲ ಒಣಗಿ ಬಾಯಿ ಬಿಟ್ಟ ಕಾಲುವೆಗೆ ನೀರು ಬಿಟ್ಟ ಮೊದಲ ದಿನದ ವಾಸನೆ. ಕೊಳೆತ ಹುಲ್ಲು, ಕರಿ ಕೆಸರು, ಯಾರೋ ಎಸೆದ ಹಳೆಯ ಚಪ್ಪಲಿ, ಎಲ್ಲ ಸೇರಿದ ಗಮಲು. ಹೊಗಳುವಂಥದ್ದೇನಲ್ಲ. ಆದರೂ ಅವಳ ಭುಜ ತಟ್ಟಿ ಗಾಡಿ ನಿಲ್ಲಿಸು ಅಂದೆ.

"ಯಾಕವ್ವಾ, ಹೊಟ್ಟಿ ತೊಳಸಾಕತ್ತದೇನು?"

"ಇಲ್ಲ. ಸುಮ್ನ ನಿಲ್ಸು."

ಅವಳು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಹತ್ತೂವರೆಗೆ ಕ್ಲಾಸಿತ್ತು. ಗಡಿಯಾರ ನೋಡಿಕೊಂಡು, ಉಸಿರು ಬಿಟ್ಟು, ಗಾಡಿ ಬದಿಗೆ ಹಾಕಿದಳು. ನಾನು ಸೇತುವೆಯ ಕಟ್ಟೆಗೆ ಒರಗಿ ನೀರು ನೋಡುತ್ತ ನಿಂತೆ. ನಾವು ಇಂಗ್ಲೆಂಡಿಗೆ ಹೊರಟ ವರ್ಷ ಪೂರ್ತಿ ನೆನಪಿಗೆ ಬಂತು. ಆ ವರ್ಷದ ಬಗ್ಗೆ ನಾವಿಬ್ಬರೂ ಮಾತಾಡುವುದಿಲ್ಲ. ಮಾತಾಡದೆ ಇರುವುದು ನನಗಂತೂ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ಶಹಾಪುರ, ಸುರಪುರ, ಯಾದಗಿರಿ ಎಲ್ಲ ಗುಲಬರ್ಗಾ ಜಿಲ್ಲೆಯೊಳಗೇ ಇದ್ದವು. ನಮ್ಮೂರು ಭೀಮರಾಯನಗುಡಿಯಿಂದ ನಡೆದರೆ ಒಂದು ತಾಸಿನ ದಾರಿ. ನನ್ನ ಗಂಡ ಚೆನ್ನಬಸಯ್ಯನವರು ಊರ ಮಠಪತಿ. ಮಗು ಹುಟ್ಟಿದರೆ ಲಿಂಗ ಕಟ್ಟುವುದು, ಲಗ್ನ ಮಾಡಿಸುವುದು, ಸತ್ತವರ ತಲೆಯ ಮೇಲೆ ಪಾದ ಇಟ್ಟು ಮಣ್ಣಿಗೆ ಕಳಿಸುವುದು ಅವರ ಮನೆತನದ ಕೆಲಸ. ರಾಶಿಯ ಕಾಲಕ್ಕೆ ಊರವರು ಕಣದಲ್ಲಿ ಅಷ್ಟಿಷ್ಟು ಜೋಳ ಕೊಡುತ್ತಿದ್ದರು. ನಾಲ್ಕು ಹೊಟ್ಟೆಗೆ ಅದು ವರ್ಷ ಪೂರ್ತಿ ಬರುತ್ತಿರಲಿಲ್ಲ. ಹಾಗಾಗಿ ಅವರು ಕಾಲುವೆಯ ಗೇಟು ಕಾಯುವ ದಿನಗೂಲಿ ಕೆಲಸಕ್ಕೂ ಹೋಗುತ್ತಿದ್ದರು. ಬೆಳಗ್ಗೆ ಪೂಜೆ ಮುಗಿಸಿ, ಹಣೆಯ ವಿಭೂತಿ ಹಾಗೇ ಇರುವಂತೆಯೇ ಸೈಕಲ್ ಹತ್ತಿ, ನೀರಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆದು ಬರುತ್ತಿದ್ದರು. 'ಈ ವರ್ಷ ಖಾಯಂ ಮಾಡತಾರಂತ' ಎಂಬ ಮಾತನ್ನು ಸುವರ್ಣಾ ಐದನೆಯ ತರಗತಿಯಲ್ಲಿದ್ದಾಗಿನಿಂದ ಕೇಳುತ್ತಿದ್ದೆ. ಅವಳು ಎರಡನೆಯ ಪಿಯುಸಿಗೆ ಬಂದಿದ್ದಳು. ಮಾತು ಇನ್ನೂ ಮಾತಾಗಿಯೇ ಇತ್ತು. ಚಿಕ್ಕವಳು ಗಿರಿಜಾ ಆಗ ಮೂರನೆಯ ತರಗತಿ.

ನಮ್ಮವರು ಕಡಿಮೆ ಮಾತಿನ ಮನುಷ್ಯ. ಅವರ ಪಾಲಿನದನ್ನೂ ನಾನೇ ಆಡಿ ಮುಗಿಸುತ್ತಿದ್ದೆ.

ಕಾಲುವೆ ನಮ್ಮ ಸೀಮೆಗೆ ಭತ್ತದ ಜೊತೆಗೆ, ಗದ್ದೆ ಮಾಡಲು ಬಂದು ನೆಲೆಸಿದ ಆಂಧ್ರದವರ ಕ್ಯಾಂಪುಗಳನ್ನೂ ತಂದಿತ್ತು. ನಮ್ಮೂರ ಹತ್ತಿರದ ಕ್ಯಾಂಪಿನ ಹಿರಿಯರು ಸುಬ್ಬಾರಾವ್. ಅವರು ಕಟ್ಟಿಸಿದ ಶಿವನ ಗುಡಿಯಲ್ಲಿ ಶಿವರಾತ್ರಿಯ ಅಭಿಷೇಕ ಮಾಡಲು ನಮ್ಮವರನ್ನೇ ಕರೆಯುತ್ತಿದ್ದರು. ತೀರಿಹೋದ ಅತ್ತೆ ಆಂಧ್ರದ ಗಡಿಯ ಗುರುಮಠಕಲ್ ಕಡೆಯವರಾದ್ದರಿಂದ ಮನೆಯಲ್ಲಿ ತೆಲುಗು ಓಡಾಡಿತ್ತು. ನಮ್ಮವರು ಮಂತ್ರ ಹೇಳಿ, ಅದರ ಅರ್ಥವನ್ನು ತೆಲುಗಿನಲ್ಲಿ ಬಿಡಿಸಿ ಹೇಳಿದರೆ ಕ್ಯಾಂಪಿನ ಮುದುಕಿಯರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ವರ್ಷದ ಶಿವರಾತ್ರಿ ಮುಗಿದ ಮರುದಿನ ಸುಬ್ಬಾರಾವ್ ನಮ್ಮ ಮನೆಗೇ ಬಂದರು.

"ಅಯ್ಯಗಾರು, ನಮ್ಮ ಅಳಿಯ ಇಂಗ್ಲೆಂಡಿನಾಗ ಡಾಕ್ಟರು. ಅಲ್ಲಿ ನಮ್ಮೋರು, ನಿಮ್ಮೋರು ಸೇರಿ ಶಿವನ ಗುಡಿ ಮಾಡಿದಾರೆ. ಪೂಜಾ ಮಾಡೋರು ಬೇಕು. ತೆಲುಗೂ ಬರಬೇಕು, ಕನ್ನಡಾನೂ ಬರಬೇಕು. ಸಂಸಾರ ಇದ್ದೋರೇ ಬೇಕು."

"ಸಂಸಾರ ಯಾತಕ್ಕರಿ?" ಕೇಳಿದ್ದು ನಾನು.

"ನೈವೇದ್ಯ ಮಾಡಬೇಕಲ್ಲಮ್ಮಾ. ಮೊದಲು ಒಬ್ಬರು ಒಂಟಿ ಬಂದಿದ್ರು. ಚಳಿಗೆ ತಾಳಲಿಲ್ಲ, ಆರು ತಿಂಗಳಿಗೆ ಓಡಿಹೋದ್ರು. ಹೆಂಡತಿ ಮಕ್ಕಳು ಇದ್ರೆ ನಿಲ್ಲತಾರೆ ಅಂತ."

ನಮ್ಮವರು ನೋಡೋಣ್ರಿ ಅಂದರು. ಅವರ 'ನೋಡೋಣ' ಎಂದರೆ ಒಲ್ಲೆ ಎಂದರ್ಥ. ನಾನಾಗಲೇ ಮನಸ್ಸಿನಲ್ಲಿ ಟ್ರಂಕು ಕಟ್ಟಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಏಳನೆಯ ತರಗತಿಗೆ ಶಾಲೆ ಬಿಡಿಸಿದ್ದರು ನನ್ನನ್ನು. ಸಕ್ಕರೆ ಕಟ್ಟಿ ಕೊಟ್ಟ ಪೇಪರನ್ನೂ ಬಿಡದೆ ಓದುತ್ತಿದ್ದೆ. ಇನ್ನೊಬ್ಬರ ಕಣದ ಜೋಳ ಹಸನು ಮಾಡುತ್ತ ಮುದುಕಿಯಾಗುವುದು ನನಗೆ ಬೇಡವಾಗಿತ್ತು. ಮಕ್ಕಳು ಓದಬೇಕು ಎಂಬುದು ನಿಜ. ಆದರೆ ಅದರ ಹಿಂದೆ ನನ್ನ ಆಸೆಯೂ ಇತ್ತು, ಅವರದ್ದಕ್ಕಿಂತ ದೊಡ್ಡದೇ ಇತ್ತು.

"ಊರಾಗ ಯಾರರ ಸತ್ರ?" ಅಂದರು ನಮ್ಮವರು ಊಟಕ್ಕೆ ಕೂತಾಗ.

"ನೀವಿದ್ರೂ ಸಾಯ್ತಾರ, ಇಲ್ಲದಿದ್ರೂ ಸಾಯ್ತಾರ."

ಅವರು ರೊಟ್ಟಿ ಮುರಿದರು. ಒಂದು ವಾರ ಬೆನ್ನು ಬಿದ್ದೆ. ಪಕ್ಕದೂರಿನ ಅವರ ಚಿಕ್ಕಪ್ಪನ ಮಗ ನಮ್ಮೂರಿನ ಕೆಲಸವನ್ನೂ ನೋಡಿಕೊಳ್ಳುತ್ತೇನೆ ಎಂದ ಮೇಲೆ ಅವರು ಹೂಂ ಅಂದರು. ಯುಗಾದಿಯ ಹೊತ್ತಿಗೆ ನಾಲ್ವರಿಗೂ ಪಾಸ್‌ಪೋರ್ಟಿಗೆ ಅರ್ಜಿ ಹೋಯಿತು. ಸುವರ್ಣಾ ಪರೀಕ್ಷೆ ಬರೆಯುತ್ತಿದ್ದಳು. ಗಿರಿಜಾ ಊರಿಡೀ ವಿಮಾನದ ಸುದ್ದಿ ಹಂಚಿ ಬಂದಿದ್ದಳು.

ಪಾಸ್‌ಪೋರ್ಟುಗಳು ಕೈಗೆ ಬಂದ ಮೇಲೆ ಅಳಿಯ ಡಾಕ್ಟರರ ಪತ್ರ ಬಂತು. ಧರ್ಮಗುರುವಿನ ಜೊತೆ ಹೆಂಡತಿ ಮಕ್ಕಳು ಬರಬಹುದು. ಆದರೆ ಅರ್ಜಿ ಕೊಡುವ ದಿನ ಮಕ್ಕಳಿಗೆ ಹದಿನೆಂಟು ತುಂಬಿರಬಾರದು. ಸುಬ್ಬಾರಾವ್ ಓದಿ ಹೇಳುವಾಗ ನಾನು ಚಹಾ ಸೋಸುತ್ತಿದ್ದೆ. ಸೋಸುವುದು ಬಿಟ್ಟು ಪಾಸ್‌ಪೋರ್ಟು ತೆಗೆದು ನೋಡಿದೆ. ಸುವರ್ಣಾಳ ಪಾಸ್‌ಪೋರ್ಟಿನಲ್ಲಿದ್ದ ಹುಟ್ಟಿದ ದಿನ ಜೂನ್ ಒಂದು. ಆ ಜೂನ್ ಒಂದಕ್ಕೆ, ಕಾಗದದ ಪ್ರಕಾರ, ಅವಳಿಗೆ ಹದಿನೆಂಟು ತುಂಬುತ್ತಿತ್ತು. ಅವಳ ನಿಜವಾದ ವಯಸ್ಸು ಇನ್ನೂ ಹದಿನಾರೂ ಆಗಿರಲಿಲ್ಲ.

ಆ ಎರಡು ವರ್ಷ ಸೇರಿಸಿದವಳು ನಾನೇ. ಅದು ಕಾಲುವೆ ಅಗೆಯುತ್ತಿದ್ದ ಕಾಲ. ಗುತ್ತಿಗೆದಾರರ ಮೆಸ್ಸಿನಲ್ಲಿ ನನಗೆ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತ್ತು. ಮಗುವನ್ನು ಕಟ್ಟಿಕೊಂಡು ಬರಬೇಡ ಅಂದಿದ್ದರು. ಪಕ್ಕದ ಮನೆಯ ಹುಡುಗಿ ಶಾಲೆಗೆ ಹೋಗುತ್ತಿದ್ದಳು. ಅವಳ ಜೊತೆ ಇವಳನ್ನೂ ಅಟ್ಟಿದರೆ ನನಗೆ ಸಂಜೆಯವರೆಗೆ ಚಿಂತೆ ಇಲ್ಲ. ಹೆಡ್‌ಮಾಸ್ತರರು, "ಆರು ತುಂಬ್ಯಾವೇನಮ್ಮಾ?" ಎಂದು ಕೇಳಿದರು. ನಾಲ್ಕೂ ತುಂಬಿರಲಿಲ್ಲ. "ತುಂಬ್ಯಾವ್ರಿ" ಅಂದೆ. ತಲೆಯ ಮೇಲಿಂದ ಕೈ ತಂದು ಆಚೆ ಕಿವಿ ಮುಟ್ಟಿಸಲು ಹೇಳಿದರು. ಆಗ ವಯಸ್ಸು ಅಳೆಯುವುದು ಹಾಗೆಯೇ. ಉದ್ದ ಕೈಯ ಹುಡುಗಿ ನನ್ನದು. ಕತ್ತು ವಾಲಿಸಿ, ನಾಲಿಗೆ ಕಚ್ಚಿ, ಬೆರಳ ತುದಿಯಿಂದ ಕಿವಿ ಮುಟ್ಟಿಬಿಟ್ಟಳು. ಮಾಸ್ತರರು ನಕ್ಕು ಬರೆದುಕೊಂಡರು. ತಾರೀಖು ಕೇಳಲಿಲ್ಲ. ಶಾಲೆ ಶುರುವಾಗುವ ಜೂನ್ ಒಂದನ್ನೇ ಹಾಕಿದರು. ನಮ್ಮೂರಿನ ಅರ್ಧ ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಅದು ಯಾರಿಗೂ ತಪ್ಪು ಅನ್ನಿಸಿರಲೇ ಇಲ್ಲ.

ಶಹಾಪುರದ ಒಬ್ಬ ವಕೀಲರ ಹತ್ತಿರ ಹೋದೆವು. ಒಳ್ಳೆಯವರು, ತಾಳ್ಮೆಯಿಂದ ಕೇಳಿದರು.

"ಖರೇ ತಾರೀಖು ಹೇಳ್ರಿ ಅಮ್ಮಾ."

"ಶ್ರಾವಣದಾಗ್ರಿ. ಸೋಮವಾರ. ಹಾಲು ಹಿಂಡೋ ಹೊತ್ತು. ರಾಮಸಮುದ್ರದಾಗ, ನಮ್ಮ ತೌರಮನ್ಯಾಗ."

"ಯಾವ ಸೋಮವಾರ? ಶ್ರಾವಣದಾಗ ನಾಕು ಸೋಮವಾರ ಬರತಾವ."

ಎರಡನೆಯದೋ ಮೂರನೆಯದೋ. ನನಗೆ ಗೊತ್ತಿರಲಿಲ್ಲ. ನಮ್ಮವ್ವ ಬದುಕಿದ್ದರೆ ಹೇಳುತ್ತಿದ್ದಳೇನೋ. ಮಗಳು ಹುಟ್ಟಿದಾಗ ಅಂಗಳದಲ್ಲಿ ಯಾವ ಎಮ್ಮೆ ನಿಂತಿತ್ತು ಎಂಬುದು ನೆನಪಿತ್ತು, ತಾರೀಖು ಇರಲಿಲ್ಲ. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತಾರೀಖು ತಿದ್ದುವುದು ಕೋರ್ಟಿನಿಂದಲೇ ಆಗಬೇಕು, ವರ್ಷಗಟ್ಟಲೆ ಹಿಡಿಯುತ್ತದೆ ಎಂದರು. ಜೂನ್ ಒಂದರೊಳಗೆ ಅರ್ಜಿ ಕೊಟ್ಟುಬಿಡಿ, ಅದೊಂದೇ ದಾರಿ ಎಂದರು. ನನ್ನ ಮಗಳದ್ದಲ್ಲದ ಹುಟ್ಟುಹಬ್ಬ ಅಟ್ಟಿಸಿಕೊಂಡು ಬರುತ್ತಿತ್ತು. ನಾವು ಅದರ ಮುಂದೆ ಓಡತೊಡಗಿದೆವು.

ಅರ್ಜಿಯ ಜೊತೆ, ಈತ ಧರ್ಮಗುರು ಎಂಬುದಕ್ಕೆ ಪುರಾವೆ ಬೇಕಾಗಿತ್ತು. ಮಠಪತಿಗೆ ಎಲ್ಲಿಯ ಸರ್ಟಿಫಿಕೇಟು? ಅಪ್ಪ ಮಾಡುತ್ತಿದ್ದ, ಮಗ ಮಾಡುತ್ತಾನೆ. ಊರೇ ಬರೆದುಕೊಡಬೇಕು ಎಂದಾಯಿತು. ಊರ ಹಿರಿಯರಾದ ಶರಣಪ್ಪಗೌಡರು ಉತ್ಸಾಹದಿಂದ ಮುಂದೆ ಬಂದರು. ಹನುಮಂತದೇವರ ಕಟ್ಟೆಯ ಮೇಲೆ ಮಂದಿ ಸೇರಿಸಿ, ತಾವೇ ಹೇಳಿ ಬರೆಸಿದರು. ಒಂದೊಂದು ಮಾತಿಗೂ ಮಂದಿ 'ಹೌದ್ರಿ, ಖರೇ ಅದ' ಎಂದು ತಲೆಯಾಡಿಸುತ್ತಿದ್ದರು. ನಾನು ಹೆಣ್ಣುಮಕ್ಕಳ ನಡುವೆ ಕೂತು ಕೇಳಿದೆ. ಎದೆಯುಬ್ಬಿತ್ತು. ಕೊನೆಗೆ ಊರೆಲ್ಲ ಹೆಬ್ಬೆಟ್ಟು ಒತ್ತಿತು, ಪಂಚಾಯ್ತಿಯ ಮೊಹರು ಬಿತ್ತು. ಶಹಾಪುರದ ಕಚೇರಿ ಮುಂದೆ ಟೈಪ್ ಮಾಡುತ್ತಿದ್ದ ಖಾಜಾಸಾಬರು ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. "ಹಿಂಗ ಹೊಗಳಿ ತಾರೀಫು ನಮ್ಮ ಪೀರಸಾಬ್ರಿಗೂ ಯಾರೂ ಬರೆದಿಲ್ರಿ ಅಮ್ಮಾ" ಎಂದರು.

ಮೇ ತಿಂಗಳ ಮೊದಲ ವಾರ ಕಾಗದಗಳು ಮದ್ರಾಸಿನ ವೀಸಾ ಕಚೇರಿಗೆ ಹೋದವು. ಎರಡು ವಾರಕ್ಕೆ ಎಲ್ಲವೂ ತಿರುಗಿ ಬಂದವು.

ಗೌಡರು ಬರೆಸಿದ್ದು ಇದು: ನಮ್ಮ ಅಯ್ಯನವರು ಊರ ಕೆಲಸಕ್ಕೆ ಯಾರ ಹತ್ತಿರವೂ ಏನೂ ಮುಟ್ಟಿದವರಲ್ಲ. ಹೊಟ್ಟೆಪಾಡಿಗೆ ಕಾಲುವೆಯ ಮೇಲೆ ದುಡಿಯುತ್ತಾರೆ. ಪೂಜೆ, ಲಗ್ನ, ಮಣ್ಣು ಇವು ಅವರಿಗೆ ಉದ್ಯೋಗವಲ್ಲ, ಪುಣ್ಯದ ಕೆಲಸ. ಅಲ್ಲಿಯವರು ಅದನ್ನು ಓದಿ, ನಿಮ್ಮ ಊರಿನವರೇ ಹೇಳುವಂತೆ ಇವರ ಉದ್ಯೋಗ ಕಾಲುವೆ ಕೆಲಸ, ಧರ್ಮಗುರುವಿನ ಕೆಲಸ ಇವರ ಉದ್ಯೋಗ ಎಂಬುದಕ್ಕೆ ಪುರಾವೆ ಕೊಟ್ಟು ಹೊಸದಾಗಿ ಅರ್ಜಿ ಹಾಕಿ ಎಂದಿದ್ದರು. ಅವರದೇನು ತಪ್ಪು. ಬರೆದದ್ದನ್ನು ಓದಿದ್ದರು.

ಗೌಡರ ಮುಖ ಇಷ್ಟಾಯಿತು. "ಒಳ್ಳೇ ಮಾತೇ ಬರಿಸೀನಲ್ರೀ, ಅಮ್ನೋರ?"

"ಅದೇ ತಪ್ಪಾಗ್ಯಾದ್ರಿ, ಗೌಡ್ರ."

ನಮ್ಮ ಕಡೆ ಅಯ್ಯನವರನ್ನು ಹೊಗಳುವುದೆಂದರೆ ಹಾಗೆಯೇ. ಕೈಯೊಡ್ಡಲಿಲ್ಲ, ಬಾಯಿಬಿಟ್ಟು ಕೇಳಲಿಲ್ಲ ಎಂದೇ ಹೇಳುವುದು. ಕೊಡುವ ಜೋಳವನ್ನೂ 'ಕೊಟ್ಟೆವು' ಎನ್ನುವುದಿಲ್ಲ, 'ಮುಟ್ಟಿಸಿ ಬಂದೆವು' ಎನ್ನುತ್ತಾರೆ. ಈಗ ಅದನ್ನೇ ಬಿಡಿಸಿ ಬರೆಯಬೇಕಾಗಿತ್ತು. ಈ ಕೆಲಸಕ್ಕಾಗಿ ಪ್ರತಿ ವರ್ಷ ಊರಿನಿಂದ ಇವರಿಗೆ ಧಾನ್ಯ ಸಲ್ಲುತ್ತದೆ, ಇದು ಇವರ ಮನೆತನದ ವೃತ್ತಿ ಎಂದು. ಗೌಡರು ಪೆನ್ನು ಹಿಡಿದವನನ್ನು ತಡೆದು, ಹೀಗೆ ಬರೆಸಲು ನನಗೆ ಮನಸ್ಸಾಗದು ಎಂದು ನಮ್ಮವರ ಮುಖ ನೋಡಿದರು.

ನಮ್ಮವರು ನೆಲ ನೋಡುತ್ತಲೇ, "ಬರೀರಿ. ತಿಂದದ್ದು ಖರೇ ಅದ" ಎಂದರು.

ಆ ದಿನ ಮನೆಗೆ ಬಂದು ಅವರು ಊಟ ಮಾಡಲಿಲ್ಲ. ಆದರೆ ಕೂತು ಸಂಕಟಪಡಲು ವೇಳೆ ಇರಲಿಲ್ಲ. ಮೇ ತಿಂಗಳು, ಲಗ್ನದ ಕಾಲ. ಹೆಬ್ಬೆಟ್ಟು ಒತ್ತಬೇಕಾದ ಮಂದಿ ಬೇರೆ ಬೇರೆ ಊರಿಗೆ ಅಕ್ಷತೆಗೆ ಹೋಗಿದ್ದರು. ನಮ್ಮವರಿಗೂ ಮೂರು ಲಗ್ನ ಮಾಡಿಸುವುದಿತ್ತು. ಒಂದನ್ನಾದರೂ ಬೇರೆಯವರಿಗೆ ಒಪ್ಪಿಸಿ ಎಂದರೆ, "ಮಾತು ಕೊಟ್ಟೀನಿ" ಎಂದು ಸೈಕಲ್ ಹತ್ತಿದರು. ಧರ್ಮಗುರು ಎಂದು ತೋರಿಸಲು ಹೊರಟವರು ಧರ್ಮಗುರುವಿನ ಕೆಲಸ ಬಿಟ್ಟು ಹೇಗೆ ಹೋಗುವುದು ಎಂದು ಸುವರ್ಣಾ ನಕ್ಕಳು. ನನಗೆ ನಗು ಬರಲಿಲ್ಲ.

ಈ ಸಲ ಟಪಾಲು ನಂಬದೆ ನಾಲ್ವರೂ ನಾವೇ ಹೊರಟೆವು. ಗುರುವಾರ ಯಾದಗಿರಿಯಲ್ಲಿ ಮದ್ರಾಸಿನ ಗಾಡಿ ಹತ್ತಿದೆವು. ಶುಕ್ರವಾರ ಮೇ ಮೂವತ್ತೊಂದು. ಬೆಳಗ್ಗೆ ಮುಟ್ಟಬೇಕಾದ ಗಾಡಿ ಎಲ್ಲೆಲ್ಲೋ ನಿಂತು ನಿಂತು ಮಧ್ಯಾಹ್ನ ಮುಟ್ಟಿತು. ಆಟೋದಲ್ಲಿ ಮಕ್ಕಳನ್ನು ತುರುಕಿಕೊಂಡು ಹೋದರೆ ಅರ್ಜಿ ತೆಗೆದುಕೊಳ್ಳುವ ಕಿಟಕಿ ಮುಚ್ಚಿತ್ತು. ಕಾವಲಿನವನು ಸೋಮವಾರ ಬನ್ನಿ ಎಂದು ಕೈಸನ್ನೆ ಮಾಡಿದ. ನಾನು ಕಬ್ಬಿಣದ ಗೇಟು ಹಿಡಿದು ತೆಲುಗಿನಲ್ಲಿ, ಕನ್ನಡದಲ್ಲಿ, ಬಂದಷ್ಟು ಹಿಂದಿಯಲ್ಲಿ ಬೇಡಿಕೊಂಡೆ. ಅವನು ಪಾಪ, ಕುಡಿಯಲು ನೀರು ತಂದುಕೊಟ್ಟ.

ಸುವರ್ಣಾ ಫುಟ್‌ಪಾತಿನ ಮೇಲೆ ಕೂತು ಕಾಲು ಚಾಚಿದಳು. "ನಾಳಿ ನನ್ನ ಬರ್ತ್‌ಡೇ, ಅವ್ವಾ. ಅಳಬ್ಯಾಡ" ಎಂದಳು.

ಸೋಮವಾರ ಅರ್ಜಿ ಕೊಟ್ಟೆವು. ಕಿಟಕಿಯ ಹೆಣ್ಣುಮಗಳು ಸುವರ್ಣಾಳ ಪಾಸ್‌ಪೋರ್ಟು ತೆರೆದು, ತಾರೀಖಿನ ಮೇಲೆ ಬೆರಳಿಟ್ಟು, ಮುಚ್ಚಿ, ಗಾಜಿನ ಕೆಳಗಿಂದ ನಮ್ಮ ಕಡೆಗೇ ಸರಿಸಿದಳು. ಅವಳು ಏನೂ ಬಯ್ಯಲಿಲ್ಲ. ನಮ್ಮವರನ್ನು ಮಾತ್ರ ಒಳಗೆ ಕರೆದು, ಒಬ್ಬರು ಸತ್ತರೆ ನೀವೇನು ಮಾಡುತ್ತೀರಿ ಎಂದು ಕೇಳಿದರಂತೆ. ಇವರು ಹೆಣಕ್ಕೆ ಸ್ನಾನ ಮಾಡಿಸುವುದರಿಂದ ಹಿಡಿದು ಕುಣಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಕೊನೆಗೆ ಮನೆಯವರ ಜೊತೆ ಕೂತು ಎರಡು ಮಾತಾಡಿ ಬರುವವರೆಗೆ ಎಲ್ಲ ಹೇಳಿದರಂತೆ. ಅಷ್ಟನ್ನೂ ದುಭಾಷಿ ಎರಡು ಸಾಲಿನಲ್ಲಿ ಮುಗಿಸಿದನಂತೆ. ಅಷ್ಟಕ್ಕೇ ಅವರು ಒಪ್ಪಿದರು. ಜೂನ್ ಕೊನೆಗೆ ವೀಸಾ ಬಂತು, ಮೂವರಿಗೆ.

ಅದೇ ವಾರ ಪಿಯುಸಿ ಫಲಿತಾಂಶವೂ ಬಂದಿತ್ತು. ಸುವರ್ಣಾ ಫಸ್ಟ್ ಕ್ಲಾಸು. ಊರವರು ಎರಡೂ ಸುದ್ದಿ ಕೇಳಿ ಬಂದು, ಯಾವುದಕ್ಕೆ ಏನು ಹೇಳಬೇಕು ತಿಳಿಯದೆ ಚಹಾ ಕುಡಿದು ಹೋದರು.

ಜುಲೈನಲ್ಲಿ ಸುರಪುರದಿಂದ ರುದ್ರಯ್ಯನವರು ಎಂಬವರು ಹೆಣ್ಣು ಕೇಳಿ ಕಳಿಸಿದರು. ನಮ್ಮಂತೆಯೇ ಮಠಪತಿಗಳ ಮನೆತನ. ಮಗ ಹೈಸ್ಕೂಲಿನಲ್ಲಿ ಮಾಸ್ತರ. ಹುಡುಗಿಗೆ ಹದಿನೆಂಟು ತುಂಬಿ ವೀಸಾ ತಪ್ಪಿದ ಸುದ್ದಿ ಅವರಿಗೆ ಮುಟ್ಟಿತ್ತು. ಹದಿನೆಂಟು ತುಂಬಿದೆ ಎಂದರೆ ಲಗ್ನಕ್ಕೆ ಅಡ್ಡಿಯಿಲ್ಲ ಎಂದಲ್ಲವೇ? ಇಂಗ್ಲೆಂಡಿಗೆ ಹೋಗುವ ಬಾಗಿಲು ಮುಚ್ಚಿದ ಅದೇ ಕಾಗದ ಇನ್ನೊಂದು ಬಾಗಿಲು ತೆರೆದಿತ್ತು.

ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಒಳ್ಳೇ ಮನಿತನ. ಲಗ್ನಾ ಮಾಡಿ ಹೋದ್ರ ಆಕಿ ಚಿಂತಿ ಇರಂಗಿಲ್ಲ" ಎಂದರು.

ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ನಿಂತಿತು. "ಆ ಎರಡು ವರ್ಷ ನಾ ಬರಿಸೀನಿ. ಆಕಿ ಬಾಳಿಲ್ಲ" ಎಂದೆ.

"ಹಂಗಾದ್ರ ಬಿಟ್ಟು ಹೋಗೂದು ಎಲ್ಲಿ?"

ಎರಡು ದಿನ ನಾವಿಬ್ಬರೂ ಮಾತು ಬಿಟ್ಟೆವು. ಬರುವವರನ್ನು ಬೇಡ ಎನ್ನಲಾಗದೆ ಬರಮಾಡಿಕೊಂಡದ್ದೂ ಆಯಿತು. ರುದ್ರಯ್ಯನವರು, ಅವರ ಹೆಂಡತಿ, ಹುಡುಗ ಬಂದು ಜಮಖಾನೆಯ ಮೇಲೆ ಕೂತರು. ಸುವರ್ಣಾ ಚಹಾ ತಂದಿಟ್ಟು, ಒಳಗೆ ಹೋಗುವಾಗ ನನ್ನನ್ನೊಮ್ಮೆ ನೋಡಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೆದರಿದ್ದಳು.

ರುದ್ರಯ್ಯನವರು ಕಪ್ಪು ಕೆಳಗಿಟ್ಟು, ಮಾತಿಗೆ ಮಾತು ಎನ್ನುವಂತೆ, "ಹುಡುಗಿಗಿ ಎಷ್ಟಾದ್ವು?" ಎಂದು ಕೇಳಿದರು. ನಾನು ಬಾಯಿ ತೆರೆದೆ. ನಮ್ಮವರು ಕೈಯೆತ್ತಿ ತಡೆದರು.

"ಸಾಲಿ ಕಾಗದದಾಗ ಹದಿನೆಂಟು ಆಗ್ಯಾವ್ರಿ. ಖರೇ ಹೇಳಬೇಕಂದ್ರ, ಶ್ರಾವಣಕ್ಕ ಹದಿನಾರು ತುಂಬತಾವ."

ರುದ್ರಯ್ಯನವರು ನಕ್ಕರು. ಕೆಟ್ಟ ನಗೆಯಲ್ಲ, ನಮ್ಮ ಕಡೆಯವರು ಎಲ್ಲರೂ ನಗುವ ನಗೆ. "ಕಾಗದದಾಗ ಆಗ್ಯಾವಲ್ರೀ ಅಯ್ಯನೋರ. ಕೇಳೋರು ಯಾರು?"

ನಮ್ಮವರು ನೋಡೋಣ್ರಿ ಅನ್ನುತ್ತಾರೆ ಅಂದುಕೊಂಡೆ.

"ಇಷ್ಟು ದಿನ ನಾನೂ ಕೇಳಿದ್ದಿಲ್ರಿ" ಎಂದರು. "ತಾಯಿ ತಂದಿ ಹದಿನೆಂಟು ಆಗ್ಯಾವ ಅಂದ್ರ, ಅಕ್ಕಿಕಾಳು ಹಾಕಿ ಬಂದೀನಿ. ಎಷ್ಟು ಹುಡಿಗೇರಿಗಿ ಹಂಗ ಹಾಕೀನೋ, ಈಗ ನೆನಸಿದ್ರ ಸಂಕಟ ಆಗತದ. ಮೊನ್ನಿ ಬ್ಯಾಸಿಗ್ಯಾಗ ಹಾಕಿದ ಮೂರೂ ಕಣ್ಣ ಮುಂದ ಬರಾಕತ್ಯಾವ. ಈಕಿಗಿ ಒಲ್ಲೆ. ತಪ್ಪು ತಿಳೀಬ್ಯಾಡ್ರಿ."

ಅವರು ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದು ನಾನು ಮೊದಲ ಸಲ ಕೇಳಿದ್ದು. ಸುರಪುರದವರು ಮನಸ್ಸಿಗೆ ಹಚ್ಚಿಕೊಳ್ಳದೆ, ಊಟ ಮಾಡಿಯೇ ಹೋದರು. ನಾನು ಒಲೆಯ ಮುಂದೆ ಕೂತು ಅತ್ತೆ. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ ದಿನ ಇನ್ನೊಂದಿಲ್ಲ. ಅವರಿಗೆ ಹೇಳಲಿಲ್ಲ. ಹೇಳಿದ್ದರೆ ಎದ್ದು ಹೊರಗೆ ಹೋಗುತ್ತಿದ್ದರು.

ಲಗ್ನ ತಪ್ಪಿತು. ಆದರೆ ಬಿಟ್ಟು ಹೋಗುವುದು ಎಲ್ಲಿ ಎಂಬ ಮಾತು ಹಾಗೇ ಉಳಿಯಿತು. ನಾನು ಇರುತ್ತೇನೆ, ನೀವು ಹೋಗಿ ಎಂದೆ. ಸುಬ್ಬಾರಾವ್ ಇಂಗ್ಲೆಂಡಿಗೆ ಫೋನು ಮಾಡಿ ಬಂದು ತಲೆಯಾಡಿಸಿದರು. ದಸರೆ ಮುಗಿದ ಮೇಲೆ ಗುಡಿಯಲ್ಲಿ ಹೊಸ ಲಿಂಗದ ಪ್ರತಿಷ್ಠೆ, ದಂಪತಿಗಳೇ ಕೂರಬೇಕು, ಒಂಟಿಯಾದರೆ ಬೇಡವೇ ಬೇಡ, ಬೇರೆಯವರನ್ನು ನೋಡುತ್ತೇವೆ ಎಂದಿದ್ದರಂತೆ. ನಮ್ಮವರೋ, "ನೀ ಬರದಿದ್ರ ನಾನೂ ಒಲ್ಲೆ" ಎಂದು ಗೇಟಿನ ಕೆಲಸಕ್ಕೆ ಹೋಗಿಬಿಟ್ಟರು. ಹೋಗುವುದೂ ಬಿಡುವುದೂ ಪೂರ್ತಿ ನನ್ನ ತಲೆಯ ಮೇಲೆ ಬಂತು.

ನನ್ನ ತಂಗಿ ನೀಲಮ್ಮ ಶಹಾಪುರದಲ್ಲಿ ನರ್ಸ್ ಆಗಿದ್ದಳು. ಮಕ್ಕಳಿರಲಿಲ್ಲ. "ನನ್ನ ಹತ್ರ ಇರಲಿ ಅಕ್ಕಾ, ಕಣ್ಣಾಗ ಇಟ್ಟು ನೋಡ್ಕೋತೀನಿ. ಡಿಗ್ರಿ ಓದಲಿ" ಎಂದಳು. ನನಗೆ ಅದೂ ಬೇಡ, ಇದೂ ಬೇಡ. ದಿನಾ ಒಂದೊಂದು ಮಾತು ಆಡುತ್ತ, ಪಾತ್ರೆ ಕುಕ್ಕುತ್ತ ಓಡಾಡಿದೆ. ಒಂದು ಮಧ್ಯಾಹ್ನ ಸುವರ್ಣಾ ನನ್ನ ಎದುರಿಗೆ ಕೂತು ಒಣಗಿಸಿದ ಕಟಕ ರೊಟ್ಟಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು.

"ಅವ್ವಾ, ನೀ ಹೋಗು."

"ನಿನ್ನ ಬಿಟ್ಟು ಹೆಂಗ ಹೋಗಲೇ?"

"ನೀ ನಿಂತ್ರ, ನಿನ್ನ ಸಲುವಾಗಿ ನಿಂತೆ ಅಂತ ದಿನಾ ಅಂತಿ. ಸಾಯೂ ತನ ಅಂತಿ. ನನಗದು ಬ್ಯಾಡ."

ಕೋಪದಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನ್ನ ನಾಲಿಗೆ ನನಗೂ ಗೊತ್ತು. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹೋಗುವುದು ಎಂದಾಯಿತು. ಡಿಗ್ರಿ ಮುಗಿದ ಮೇಲೆ ಅವಳು ಬರಬೇಕು ಎಂದು ಮಾತಾಯಿತು. ಬರಲಿಲ್ಲ, ಅದು ಬೇರೆ ವರ್ಷಗಳ ಮಾತು. ಮುಂದೆ ಇಂಗ್ಲೆಂಡಿನಲ್ಲಿ ಯಾರಾದರೂ ದೊಡ್ಡ ಮಗಳನ್ನು ಹೇಗೆ ಬಿಟ್ಟು ಬಂದಿರಿ ಎಂದು ಕೇಳಿದರೆ, ಅವಳೇ ಹೋಗು ಅಂದಳು ಎನ್ನುತ್ತ ಬಂದಿದ್ದೇನೆ. ಅರ್ಧ ಸತ್ಯ ಅದು. ನನಗೂ ಹೋಗಬೇಕಿತ್ತು. ಅವಳು ಹೋಗು ಅಂದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಾಗೆ ಹಗುರಾದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟರು. ನಮ್ಮವರು ಕೊನೆಯ ಸಲ ನೀರಿನ ಮಟ್ಟ ಬರೆದು, ಪುಸ್ತಕವನ್ನು ಮುಂದಿನವನಿಗೆ ಒಪ್ಪಿಸಿ ಬಂದರು. ಊರಿನ ಕೆಲಸದ ಗಂಟೆ, ಬೆತ್ತ ಚಿಕ್ಕಪ್ಪನ ಮಗನ ಕೈಗೆ ಹೋದವು. ಶರಣಪ್ಪಗೌಡರು ತಮ್ಮ ಜೀಪಿನಲ್ಲಿ ನಮ್ಮನ್ನು ಯಾದಗಿರಿ ಸ್ಟೇಷನ್ನಿಗೆ ಕರೆತಂದರು. ಬೊಂಬಾಯಿಯವರೆಗೆ ರೈಲು, ಅಲ್ಲಿಂದ ವಿಮಾನ. ನೀಲಮ್ಮ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ತನಗಿಂತ ಎತ್ತರಕ್ಕೆ ಬೆಳೆದ ಸುವರ್ಣಾಳ ಕೈ ಹಿಡಿದುಕೊಂಡಿದ್ದಳು. ಅದನ್ನು ನೋಡಿ ನನಗೆ ಸಮಾಧಾನವೂ ಆಯಿತು, ಹೊಟ್ಟೆಯುರಿಯೂ ಆಯಿತು.

ಯಾದಗಿರಿಯಲ್ಲಿ ಗಾಡಿ ನಿಲ್ಲುವುದು ಮೂರೋ ನಾಲ್ಕೋ ನಿಮಿಷ. ಸುವರ್ಣಾ ಎಲ್ಲರಿಗಿಂತ ಮುಂದಾಗಿ ಹತ್ತಿ ಜಾಗ ಹಿಡಿದಳು, ಸಾಮಾನು ಸೀಟಿನ ಕೆಳಗೆ ನೂಕಿದಳು, ಗಿರಿಜಾಳನ್ನು ಕಿಟಕಿಯ ಬಳಿ ಕೂರಿಸಿ ಜಡೆಯ ರಿಬ್ಬನ್ನು ಬಿಗಿದಳು, ಅಪ್ಪನ ಕಾಲು ಮುಟ್ಟಿದಳು. ಅಪ್ಪ ಅವಳ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯಲೇ ಇಲ್ಲ. ಅವಳೇ ಮೆಲ್ಲಗೆ ಸರಿದಳು.

ನನ್ನ ಟ್ರಂಕನ್ನು ಮಾತ್ರ ನಾನು ಒಳಗೆ ಒಯ್ಯಲು ಬಿಟ್ಟಿರಲಿಲ್ಲ. ಬಾಗಿಲ ಬಳಿಯೇ ಇಟ್ಟುಕೊಂಡು ನಿಂತಿದ್ದೆ. ಗಾಡಿ ಬಿಡುವಷ್ಟರಲ್ಲಿ ಮನಸ್ಸು ತಿರುಗಿದರೆ ಅದನ್ನು ಎತ್ತಿಕೊಂಡು ಇಳಿದುಬಿಡುವುದು ಎಂದು ಹಿಂದಿನ ದಿನದಿಂದಲೇ ಎಣಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಸುವರ್ಣಾ ಇಳಿಯಲು ಬಂದಾಗ ಟ್ರಂಕು ಅವಳ ಕಾಲಿಗೆ ತಾಗಿತು. ಅದನ್ನು ನೋಡಿದಳು. ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು.

ಅದನ್ನು ಒಳಗೆ ನೂಕುತ್ತಾಳೆ, ಹೋಗವ್ವಾ ಕೂಡು ಅನ್ನುತ್ತಾಳೆ ಎಂದು ಕಾದೆ. ಅವಳು ಟ್ರಂಕನ್ನು ಇದ್ದಲ್ಲೇ ಬಿಟ್ಟು, ಅದನ್ನು ದಾಟಿ ಇಳಿದಳು. ಪ್ಲಾಟ್‌ಫಾರ್ಮಿನ ಮೇಲೆ ಬಾಗಿಲಿಗೆ ನೇರ ನಿಂತು, ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಒಬ್ಬರು ಟ್ರಂಕು ಹಿಡಿದು ಇಳಿಯಲು ಎಷ್ಟು ಬೇಕೋ ಅಷ್ಟು ಜಾಗ ಬಿಟ್ಟು ನಿಂತಳು.

ಗಾಡಿ ಅಲುಗಿತು. ನಾನು ಇಳಿಯಲಿಲ್ಲ.